ಗೋಡೆಯಲ್ಲಿ ಮೊಳೆತ ಭತ್ತ

ಕೊಯ್ಲಾದ ಮೇಲೆ ಗದ್ದೆಯ ಹುಲ್ಲಿಗೆ ಬೆಂಕಿ ಇಡುವವರನ್ನು ಕಂಡರೆ ನನಗೆ ಆಗದು. ಅದಕ್ಕೇ ಗೊರೇಬಾಳದ ಮನೆಯ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸುವಾಗ, ಆ ಹುಲ್ಲನ್ನೇ ಮಣ್ಣಿಗೆ ಕಲಸಿ ಗಿಲಾವು ಮಾಡಿಸಬೇಕೆಂದು ಹಟ ಹಿಡಿದೆ. ಹೊಲದ್ದು ಮನೆಗೆ, ಮನೆ ಬಿದ್ದರೆ ಮತ್ತೆ ಹೊಲಕ್ಕೆ ಎನ್ನುತ್ತಿದ್ದಳು ನಮ್ಮಜ್ಜಿ. ಆ ಕೆಲಸ ಬಲ್ಲ ಗೌಂಡಿ ಸಿಂಧನೂರಿನಲ್ಲಿ ನನಗೆ ಸಿಕ್ಕವರು ಒಬ್ಬರೇ. ವಯಸ್ಸಾದವರು, ಎಲ್ಲರಿಗೂ ಚಾಚಾ.

ಚಾಚಾ ಗುಂಡಿ ತೋಡಿಸಿ, ಮಣ್ಣು, ಹುಲ್ಲು, ಸೆಗಣಿ ತುಳಿಸಿ ನೀರು ನಿಲ್ಲಿಸಿದರು. “ಹದಿನೈದು ದಿನ ಕೈ ಹಚ್ಚಬ್ಯಾಡ್ರಿ. ಮೂಗು ಮುಚ್ಚಿಕೊಳ್ಳೂ ಹಂಗ ನಾರಬೇಕು, ಆಮ್ಯಾಲೆ ಗ್ವಾಡಿ” ಎಂದು ಹೇಳಿ ಮುದಗಲ್ಲಿನ ಮಗಳ ಮನೆಗೆ ಹೋದರು.

ಐದನೆಯ ದಿನಕ್ಕೇ ನಾತ ಎದ್ದಿತು. ಮನೆಗೆ ಬೀಗರು ಬರುವವರಿದ್ದರು. “ಅವರಿಗೆ ಇದರ ಮುಂದ ಎಲಿ ಹಾಕೂದೇನು?” ಎಂದು ಹೆಂಡತಿ ಹಂಗಿಸಿದಳು. ನಾನು ಆಳುಗಳಿಗೆ, “ಚಾಚಾ ಫೋನಿನಾಗ ಹೂಂ ಅಂದಾರ, ಬಡೀರಿ” ಎಂದು ಸುಳ್ಳು ಹೇಳಿ ಅದನ್ನು ಗೋಡೆಗೆ ಹಚ್ಚಿಸಿಬಿಟ್ಟೆ.

ವಾರದಲ್ಲಿ ಗೋಡೆ ಬಿರುಕು ಬಿಟ್ಟಿತು. ಅಷ್ಟೇ ಆಗಿದ್ದರೆ ಮುಚ್ಚಬಹುದಿತ್ತು. ಹುಲ್ಲಿನಲ್ಲಿ ಉಳಿದಿದ್ದ ಕಾಳು ಕೊಳೆತಿರಲಿಲ್ಲ. ಸಾಲುಸಾಲಾಗಿ ಮೊಳೆತು ಹಸಿರಾಗಿ ನಿಂತಿತ್ತು.

ಚಾಚಾ ಮರಳಿದ ದಿನವೇ ಪಕ್ಕದ ಮನೆಯ ಗೌಡರೂ ಬಂದರು. ನಮ್ಮ ಗೋಡೆ ಚೆನ್ನಾಗಿದ್ದರೆ ತಮ್ಮ ಹೊಸ ಮನೆಯ ಕೆಲಸವನ್ನು ಚಾಚಾನಿಗೇ ಕೊಡುವವರಿದ್ದರು.

“ಏನ್ ಚಾಚಾ, ಗ್ವಾಡಿಗೇ ನಾಟಿ ಹಚ್ಚೀರಲ್ಲ! ಕಾಲುವಿ ನೀರು ಯಾವಾಗ ಬಿಡಸ್ತೀರಿ?”

ಆಳುಗಳು ನನ್ನ ಮುಖ ನೋಡಿದರು. ಚಾಚಾ ಗೋಡೆಯ ಒಂದು ಹೆಂಟೆ ಕಿತ್ತು ಮುರಿದರು. ಒಳಗಿನ ಹುಲ್ಲು ಇನ್ನೂ ಗರಿಗರಿಯಾಗಿತ್ತು. ನನ್ನ ಕಡೆ ಒಮ್ಮೆ ನೋಡಿ, “ವಯಸ್ಸಾತ್ರೀ ಗೌಡ್ರ, ಹದ ತಿಳೀಲಿಲ್ಲ” ಎಂದರು.

ನಾನು ಗೌಡರನ್ನು ಬಾಗಿಲ ತನಕ ಕಳಿಸಲು ಹೋದೆ.

ಗೌಡರು ಹೋದ ಮೇಲೆ, “ಚಾಚಾ, ನಂದು ತಪ್ಪಾತು” ಎಂದೆ.

“ನನಗ ಹೇಳಿ ಏನು ಬಂತ್ರೀ? ಕೇಳಬೇಕಾದವರು ಹೋದ್ರು” ಎಂದರು. ಆಮೇಲೆ ಆಳುಗಳ ಕಡೆ ತಿರುಗಿ, “ಮಣ್ಣೇನು ಕೆಟ್ಟಿಲ್ಲ. ಕೆರೀರಿ, ಮತ್ತ ನೆನಿ ಹಾಕೂಣು” ಎಂದರು.

ಈ ಸಲ ಗುಂಡಿಗಿಳಿದು ನಾನೇ ತುಳಿದೆ, ಆ ನಾತದಲ್ಲಿ ಹದಿನೈದು ದಿನವೂ ಕಾದೆ. ಅದೇ ಮಣ್ಣಿನ ಗೋಡೆ ಇವತ್ತಿಗೂ ಬಿರುಕಿಲ್ಲದೆ ನಿಂತಿದೆ. ಗೌಡರ ಮನೆ ಸಿಮೆಂಟಿನದು, ಕಟ್ಟಿದವರು ಬೇರೆ. ಎದುರು ಸಿಕ್ಕಾಗಲೆಲ್ಲ, “ಗ್ವಾಡಿ ಭತ್ತ ಕೊಯ್ದ್ರೇನ್ರೀ?” ಎಂದು ಕೇಳುತ್ತಾರೆ. ನಾನೂ ನಗುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ.