ಗೂಡಿಗೆ ಕೂರಬೇಕಾದ ಹಲಗೆ

ಮೂರನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು 'ಎಷ್ಟು ಟೀಚರ್'. ಯಾರಾದರೂ "ಚೆನ್ನಾಗಿ ಓದಿದೆ ಮಿಸ್" ಎಂದರೆ ಸಾಕು, "ಎಷ್ಟು? ತೋರಿಸು" ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಗಂಡ ಫೋನಿನಲ್ಲಿ "ಸ್ವಲ್ಪ ಹೊತ್ತಲ್ಲಿ ಬಂದೆ" ಎಂದರೆ "ಸ್ವಲ್ಪ ಅಂದ್ರೆ ಎಷ್ಟು ರೀ?" ಎಂಬ ಪ್ರಶ್ನೆ ತಯಾರಾಗಿರುತ್ತಿತ್ತು. ಅತ್ತೆ "ಮಂಡಿನೋವು ಈಗ ಪರವಾಗಿಲ್ಲ ಕಣೇ" ಎಂದರೆ "ಎಲ್ಲಿ, ಮೆಟ್ಟಿಲು ಹತ್ತಿ ತೋರಿಸಿ ಅತ್ತೆ" ಎನ್ನುತ್ತಿದ್ದರು. ಅತ್ತೆ ಹತ್ತಿ ತೋರಿಸಿ, ಮೇಲೆ ನಿಂತುಕೊಂಡೇ ಸೊಸೆಗೆ ಮಂಗಳಾರತಿ ಎತ್ತುತ್ತಿದ್ದರು.

ಈ ಚಾಳಿ ಸುಮ್ಮನೆ ಅಂಟಿಕೊಂಡದ್ದಲ್ಲ. ಟೀಚರ್ ಚಿಕ್ಕವರಿದ್ದಾಗ ಅವರ ಬಗ್ಗೆ ಮೇಷ್ಟ್ರುಗಳು ಮನೆಯವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಹುಡುಗಿ ಪರವಾಗಿಲ್ಲ." ಮನೆಯವರಿಗೆ ಖುಷಿ, ಹುಡುಗಿಗೂ ಖುಷಿ. ಹೈಸ್ಕೂಲಿಗೆ ಹೋದ ಮೇಲೆ ತನಗೆ ಭಾಗಾಕಾರವೇ ಬರುವುದಿಲ್ಲ ಎಂದು ಇಡೀ ತರಗತಿಯ ಎದುರು ಗೊತ್ತಾಯಿತು. ಆವತ್ತಿನ ಅವಮಾನ ಇವತ್ತಿಗೂ ಆರಿಲ್ಲ. ತಾನು ಕಲಿಸುವ ಯಾವ ಮಗುವೂ 'ಪರವಾಗಿಲ್ಲ' ಎಂಬ ಮಾತಿನ ಮರೆಯಲ್ಲಿ ಉಳಿಯಬಾರದು ಎಂಬುದು ಅವರ ಹಟ.

ಹಾಗಾಗಿಯೇ ಹೆಡ್ ಮೇಡಂ ಜೊತೆ ಜಟಾಪಟಿಯಾಯಿತು. ಟರ್ಮಿನ ಆರಂಭದಲ್ಲಿ ಪ್ರತಿ ತರಗತಿಯೂ ತನ್ನ ಕಲಿಕೆಯ ಗುರಿಯನ್ನು ಬರೆದುಕೊಡಬೇಕಿತ್ತು. ಶಾಲೆಯಲ್ಲಿ ಅದಕ್ಕೆಂದೇ ಕೆಲವು ಚೆಂದದ ವಾಕ್ಯಗಳಿದ್ದವು. ವರ್ಷಾನುವರ್ಷ ಎಲ್ಲರೂ ಅವನ್ನೇ ನಕಲು ಹೊಡೆಯುತ್ತಿದ್ದರು. 'ಮಕ್ಕಳು ಅಳತೆಯ ಮಹತ್ವವನ್ನು ಅರಿಯುತ್ತಾರೆ' ಎಂಬುದು ಅದರಲ್ಲೊಂದು.

"ಅರಿತರು ಅಂತ ನಮಗೆ ಗೊತ್ತಾಗೋದು ಹೇಗೆ ಮೇಡಂ?" ಎಂದರು ಟೀಚರ್.

"ಗೊತ್ತಾಗದೇ ಇರೋದೇ ಒಳ್ಳೇದು ಕಣಮ್ಮ," ಎಂದರು ಹೆಡ್ ಮೇಡಂ. ಕೆಟ್ಟವರಲ್ಲ, ದಣಿದವರು. "ಇಂಥದ್ದೇ ಆಗುತ್ತೆ ಅಂತ ಬರೆದು, ಆಗದೇ ಹೋದ್ರೆ ಮೇಲಿನವರಿಗೆ ಏನು ಹೇಳೋದು?"

ಟೀಚರ್ ತಮ್ಮ ಗುರಿಯನ್ನು ಕರಿಹಲಗೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರೆದೇಬಿಟ್ಟರು: 'ಗೋಡೆಯ ಗೂಡಿಗೆ ಪುಸ್ತಕದ ಹಲಗೆ ಹಾಕಿಸುತ್ತೇವೆ. ಅಳತೆ ನಮ್ಮದೇ. ದೊಡ್ಡವರು ಯಾರೂ ತಿದ್ದುವುದಿಲ್ಲ. ಹಲಗೆ ಸರಿಯಾಗಿ ಕೂರಬೇಕು.' ಹೆಡ್ ಮೇಡಂ ಅದನ್ನು ಎರಡು ಸಲ ಓದಿ, ಹಲಗೆ ಕೂತರೆ ಮುಂದೆಯೂ ನಿಮ್ಮಿಷ್ಟದಂತೆ ಬರೆಯಿರಿ, ಕೂರದಿದ್ದರೆ ಇನ್ನು ಮೇಲೆ ನಮ್ಮ ವಾಕ್ಯಗಳನ್ನೇ ತೆಪ್ಪಗೆ ನಕಲು ಮಾಡಬೇಕು ಎಂದರು. ಟೀಚರ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು.

ಟರ್ಮು ಮುಗಿಯುವ ವಾರ ಅಳೆಯುವ ದಿನ ಬಂತು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದೆಂದು ಮಕ್ಕಳು ಒಬ್ಬೊಬ್ಬರಾಗಿ ಗೂಡಿನ ಬಳಿ ಹೋಗಿ, ತರಗತಿಯ ಹಳೇ ಬಟ್ಟೆಯ ಟೇಪು ಹಿಡಿದು ಅಗಲ ಅಳೆದು, ಸ್ಲೇಟಿನಲ್ಲಿ ಬರೆದರು. ಎಲ್ಲ ಸ್ಲೇಟಿನಲ್ಲೂ ಎಂಬತ್ತೈದು ಸೆಂಟಿಮೀಟರ್. ಟೀಚರಿಗೆ ಹಿಗ್ಗೋ ಹಿಗ್ಗು. ಕೊನೆಗೆ ಹೋದದ್ದು ನಿಧಾನಿ. ತರಗತಿಯವರು ಇಟ್ಟ ಹೆಸರದು, ಹೆಸರಿಗೆ ತಕ್ಕ ಹುಡುಗಿ. ಅವಳು ಟೇಪಿನ ತುದಿ ಗೋಡೆಗೆ ಹಚ್ಚಿ, ಒಂದೊಂದೇ ಸೆಂಟಿಮೀಟರ್ ಮನೆಯ ಮೇಲೆ ಬೆರಳಿಟ್ಟು ಎಣಿಸುತ್ತಾ ಹೋದಳು. ಗಂಟೆ ಹೊಡೆದರೂ ಎಣಿಸುತ್ತಲೇ ಇದ್ದಳು. ಅವಳು ಬರೆದದ್ದು ಎಂಬತ್ತನಾಲ್ಕು.

ತರಗತಿ ಗೊಳ್ಳೆಂದು ನಕ್ಕಿತು. "ಅಷ್ಟು ಹೊತ್ತು ಎಣಿಸಿ ಅದೂ ತಪ್ಪು!" ಎಂದ ಒಬ್ಬ. ನಿಧಾನಿಯ ಮುಖ ಕೆಂಪಾಯಿತು, ಆದರೆ ಸ್ಲೇಟು ಅಳಿಸಲಿಲ್ಲ.

ಟೀಚರ್ ಟೇಪನ್ನು ಕೈಗೆತ್ತಿಕೊಂಡರು. ಟೇಪಿನ ತುದಿ ಹರಿದುಹೋಗಿ ಮೊದಲ ಸೆಂಟಿಮೀಟರೇ ಇರಲಿಲ್ಲ. ಅದು ಶುರುವಾಗುತ್ತಿದ್ದದ್ದೇ ಒಂದರಿಂದ. ಉಳಿದವರೆಲ್ಲ ಕೊನೆಯ ಅಂಕಿ ನೋಡಿ ಬರೆದಿದ್ದರು, ನಿಧಾನಿ ಮಾತ್ರ ನಿಜವಾಗಿ ಇದ್ದಷ್ಟನ್ನು ಎಣಿಸಿದ್ದಳು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅವರ ಕೈಬರಹವೇ ಕರಿಹಲಗೆಯ ಮೂಲೆಯಿಂದ ಅವರನ್ನು ನೋಡುತ್ತಿತ್ತು: ದೊಡ್ಡವರು ಯಾರೂ ತಿದ್ದುವುದಿಲ್ಲ. ಟೀಚರ್ ತುಟಿ ಬಿಗಿಹಿಡಿದರು. ಮಕ್ಕಳು ಕೈಯೆತ್ತಿ ಎಂಬತ್ತೈದೇ ಎಂದು ತೀರ್ಮಾನಿಸಿದರು.

"ಹೇಳಿಬಿಡೇ, ಗಂಟೇನು ಹೋಗುತ್ತೆ?" ಎಂದರು ಗಂಡ ಊಟಕ್ಕೆ ಕೂತಾಗ.

"ಉದ್ದ ಬಂದ ಹಲಗೇನ ಕತ್ತರಿಸಬಹುದು ರೀ. ನಾನು ಬಾಯಿ ಬಿಟ್ರೆ ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ," ಎಂದ ಟೀಚರ್ ಎರಡನೇ ಸಲ ಬಡಿಸಿಕೊಂಡು ಉಂಡರು. ಮಕ್ಕಳ ಮೇಲಿನ ನಂಬಿಕೆ ಅಷ್ಟಿತ್ತು.

ಮರುದಿನ ಮಕ್ಕಳ ಅಳತೆಗೆ ಕತ್ತರಿಸಿದ ಹಲಗೆ ಹೊತ್ತು ತಂದ ಬಡಗಿ ಟೀಚರ್ ಅವರ ಸ್ವಂತ ತಮ್ಮ. ಹಲಗೆಯನ್ನು ಎತ್ತಿ ಹಿಡಿದ. ಅದು ಗೂಡಿನೊಳಕ್ಕೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು.

"ಅಕ್ಕಾ, ನಾನೇ ಒಂದ್ಸಲ ಅಳೆದುಬಿಡ್ಲಾ? ನಿನ್ನ ಮಾನ ಉಳಿಯುತ್ತೆ," ಎಂದು ತಮ್ಮ ಪಿಸುಗುಟ್ಟಿದ.

ಟೀಚರ್ ಬೇಡವೆಂದು ತಲೆಯಾಡಿಸಿ, ಸೀಮೆಸುಣ್ಣ ತೆಗೆದು, ತಮ್ಮ ಗುರಿಯ ಕೆಳಗೆ ತಾವೇ ಬರೆದರು: 'ಮುಟ್ಟಲಿಲ್ಲ.'

"ಮಾಮನೇ ತಪ್ಪು ಕತ್ತರಿಸಿದ್ದಾರೆ!" ಎಂದು ಮಕ್ಕಳು ಬಡಗಿಯ ಮೇಲೆ ಮುಗಿಬಿದ್ದರು.

"ನನ್ನ ಮೇಲೆ ಯಾಕ್ರಪ್ಪಾ? ಅಳೆದು ನೋಡ್ಕೊಳ್ಳಿ," ಎಂದು ಅವನು ಹಲಗೆ ಕೆಳಗಿಟ್ಟ. ಅವನ ಟೇಪಿನಲ್ಲಿ ಎಂಬತ್ತೈದು. ಮಕ್ಕಳ ಟೇಪಿನಲ್ಲಿ ಎಂಬತ್ತಾರು! ಒಂದೇ ಹಲಗೆ ಒಂದೇ ನಿಮಿಷದಲ್ಲಿ ಬೆಳೆಯುವುದುಂಟೇ? ಗದ್ದಲ ನಿಂತಿತು. ಯಾರೋ ಎರಡು ಟೇಪುಗಳನ್ನೂ ಪಕ್ಕಪಕ್ಕ ಹಾಸಿದರು. ನಿಧಾನಿ ಬಗ್ಗಿ, ಹರಿದ ತುದಿಯ ಮೇಲೆ ಬೆರಳಿಟ್ಟಳು.

"ನಮ್ದರಲ್ಲಿ ಮೊದಲನೇ ಮನೇನೇ ಇಲ್ಲ."

"ಹಾಗಾದ್ರೆ ಇವಳದೇ ಸರಿ!" ನಿನ್ನೆ ನಕ್ಕ ಹುಡುಗನೇ ಕೂಗಿದ. "ಮಿಸ್, ಎಲ್ಲರದರಲ್ಲೂ ಒಂದು ಕಳೀಬೇಕು! ಮಾಮ, ಎಂಬತ್ತನಾಲ್ಕು!"

ಗರಗಸ ಆಡಿತು. ಈ ಸಲ ಹಲಗೆ ಗೂಡಿನೊಳಗೆ ಸಲೀಸಾಗಿ ಹೋಗಿ ಕೂತಿತು. ಮಕ್ಕಳು ಹಾಕಿದ ಕೇಕೆಗೆ ಪಕ್ಕದ ತರಗತಿಯವರು ಎದ್ದು ಬಂದರು. ಟೀಚರಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಲಿಲ್ಲ.

ಹೆಡ್ ಮೇಡಂ ಒಳಗೆ ಬಂದು ಡಸ್ಟರ್ ತೆಗೆದುಕೊಂಡು 'ಮುಟ್ಟಲಿಲ್ಲ' ಅಳಿಸಲು ಕೈ ಚಾಚಿದರು.

"ಇರಲಿ ಬಿಡಿ ಮೇಡಂ, ಅದೂ ನಿಜವೇ," ಎಂದು ಟೀಚರ್ ಅದರ ಕೆಳಗೆ ಬರೆದರು: 'ಎರಡನೇ ಸಲ ಮುಟ್ಟಿದೆವು.'

"ಟೇಪು ಹರಿದಿರೋದು ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?" ಹೆಡ್ ಮೇಡಂ ದನಿ ತಗ್ಗಿಸಿ ಕೇಳಿದರು. "ಒಂದು ಮಾತು ಹೇಳಿದ್ರೆ ಗೆಲ್ತಿದ್ರಲ್ಲ?"

"ನಾನು ಗೆಲ್ತಿದ್ದೆ ಮೇಡಂ. ಮಕ್ಕಳು 'ಪರವಾಗಿಲ್ಲ' ಅನ್ನೋದರ ಮರೆಯಲ್ಲೇ ಉಳೀತಿದ್ರು."

ಹೆಡ್ ಮೇಡಂ ನೆಲದ ಮೇಲಿದ್ದ ಹರಿದ ಟೇಪಿನ ಕಡೆ ಕೈ ತೋರಿಸಿದರು. "ಹೊಸ ಟೇಪು ತರಿಸಿಕೊಡ್ತೀನಿ. ಆ ಹರಕಲನ್ನ ಬಿಸಾಕಿ."

"ಅಯ್ಯೋ ಬೇಡ ಮೇಡಂ!" ಟೀಚರ್ ಹರಕು ಟೇಪನ್ನು ಸುತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದರು. "ಮುಂದಿನ ವರ್ಷದವರಿಗೂ ಇದೇ ಬೇಕು."

ಹೆಡ್ ಮೇಡಂ ಬಾಯ್ತುಂಬ ನಕ್ಕರು. "ಆಯ್ತಮ್ಮ, ನಿಮ್ಮಿಷ್ಟದ ಹಾಗೇ ಬರೀರಿ. ಉಳಿದ ಟೀಚರ್‌ಗಳಿಗೂ ಸ್ವಲ್ಪ ಹೇಳಿಕೊಡಿ."

ಗೂಡಿನ ಮುಂದೆ ಒಂದೊಂದೇ ಪುಸ್ತಕ ಜೋಡಿಸುತ್ತಿದ್ದ ನಿಧಾನಿ ತಲೆಯೆತ್ತಿ, ನಿಧಾನವಾಗಿ ಕೇಳಿದಳು: "ಸ್ವಲ್ಪ ಅಂದ್ರೆ ಎಷ್ಟು ಮೇಡಂ?"