ಮಾತಿಗೆ ಐದಕ್ಕೈದು

ಹೆಬ್ಬಾಳದ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಅವರು ಹಿರಿಯ ಸಿಸ್ಟರ್, ನಾನು ಹೊಸಬಳು. ತಲೆಗೆ ಪೆಟ್ಟಾದವರಿಗೆ ಎಚ್ಚರ ಎಷ್ಟಿದೆ ಎಂದು ತಿಳಿಯಲು ಕಣ್ಣು, ಮಾತು, ಕೈಕಾಲಿಗೆ ಅಂಕ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಸ್ಕೂಟರಿನಿಂದ ಬಿದ್ದ ಬ್ಯಾಟರಾಯನಪುರದ ಬಿಲ್ಡರೊಬ್ಬರು "ನಾನ್ಯಾರು ಗೊತ್ತೇನ್ರೀ?" ಎಂದು ಕೂಗಾಡಿದಾಗ, "ತಾವ್ಯಾರು ಅಂತ ಅವ್ರಿಗೆ ಗೊತ್ತಿದೆ, ಮಾತಿಗೆ ಐದಕ್ಕೈದು ಹಾಕಮ್ಮ" ಎಂದವರೇ ಪಕ್ಕದಲ್ಲಿ ಮೌನವಾಗಿ ಮಲಗಿದ್ದವನತ್ತ ನಡೆದರು. "ಬೈಯೋರು ಕಾಯ್ಲಿ, ಸುಮ್ನಿರೋರನ್ನ ಮೊದ್ಲು ನೋಡು" ಎಂಬುದು ಅವರ ದಿನದ ಮಾತು.

ಒಂದು ಬೆಳಿಗ್ಗೆ ಒದ್ದೆ ನೆಲದಲ್ಲಿ ಅವರೇ ಜಾರಿದರು. ತಲೆ ಗೋಡೆಗೆ ಬಡಿಯಿತು. ಸ್ವಲ್ಪ ಹೊತ್ತು ಮಾತೇ ಇಲ್ಲ. ನಾನು ಪಕ್ಕದಲ್ಲಿ ಕೂತು, "ಸಿಸ್ಟರ್, ಎಲ್ಲಿದೀರಾ ಹೇಳಿ" ಎಂದೆ.

ಕಣ್ಣು ಬಿಟ್ಟರು. "ನೆಲದ ಮೇಲಿದೀನಿ, ಕಾಣ್ಸಲ್ವಾ? ಇಷ್ಟು ನೀರು ಬಿಟ್ಟೋರ್ಯಾರು? ಕರಿ ಇಲ್ಲಿ!"

ಬೈಗುಳ ಮುಂದುವರಿಯಿತು. ನಾನು ಕಣ್ಣೊರೆಸಿಕೊಂಡು, ನಗುತ್ತಾ ಐದು ಹಾಕಿದೆ.