ಓದು ಬರುತ್ತದೆ ಎಂಬ ಕಾಗದ

ಆ ಕಥೆ ನನ್ನದಲ್ಲ. ನನಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೈಗಿಟ್ಟು, ಸಭೆಯಿಂದ ಚಪ್ಪಾಳೆ ತಟ್ಟಿಸಿದ ಆ ಕಥೆ — ಓದು ಮರೆತ ಊರಿನ ಕಥೆ — ಏಳನೇ ತರಗತಿಯ ಒಬ್ಬ ಹುಡುಗಿ ಬಾಯಲ್ಲಿ ಹೇಳಿದ್ದು. ಅವಳ ಹೆಸರು ವರಲಕ್ಷ್ಮಿ. ಕದ್ದವಳು ನಾನು, ಅವಳಿಗೆ ಪಾಠ ಹೇಳುತ್ತಿದ್ದ ಮಿಸ್. ಕದಿಯಲು ಧೈರ್ಯ ಬಂದದ್ದು ಹೇಗೆ ಎಂಬುದು ಇನ್ನೂ ಹೇಸಿಗೆಯ ವಿಷಯ. ಅವಳಿಗೆ ಓದಲು ಬರುತ್ತಿರಲಿಲ್ಲ. ಕಥೆ ಅಚ್ಚಾಗಿ ಅವಳ ಕಣ್ಣೆದುರಿಗೇ ಬಿದ್ದರೂ ಅವಳಿಗೆ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಓದಲು ಬರುತ್ತದೆ ಎಂದು ರಿಜಿಸ್ಟರಿನಲ್ಲಿ ಬರೆದವಳೂ ನಾನೇ.

ಹೇಳಿಬಿಟ್ಟೆ. ಹದಿನೈದು ವರ್ಷದಿಂದ ನುಂಗಿಕೊಂಡದ್ದು ಇದು. ಬರೆಯುವುದನ್ನು ನಿಲ್ಲಿಸಿದರೆ ಮತ್ತೆ ಹೇಡಿಯಾಗುತ್ತೇನೆ, ಅದಕ್ಕೇ ಒಂದೇ ಉಸಿರಿಗೆ ಬರೆಯುತ್ತಿದ್ದೇನೆ.

ಆಗ ನಾನಿದ್ದದ್ದು ಮಂಡಿಕಲ್ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಚಿಕ್ಕಬಳ್ಳಾಪುರದಿಂದ ಬಸ್ಸು, ಪೆರೇಸಂದ್ರದಲ್ಲಿಳಿದು ಇನ್ನೊಂದು ಬಸ್ಸು. ಮಕ್ಕಳ ಮನೆಮಾತು ತೆಲುಗು. ಕನ್ನಡ ಶಾಲೆಯ ಮಾತು, ಪುಸ್ತಕದ ಮಾತು. ಮಾತು ಆಡುತ್ತಾ ಆಡುತ್ತಾ ಬಂದುಬಿಡುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು ಎಂದು ಇಲ್ಲಿ ಬರೆಯಬಹುದಿತ್ತು. ಪಕ್ಕದೂರಿನ ಶಾಲೆಯಲ್ಲೂ ಹಾಗೆಯೇ ಕೂರುತ್ತಿದ್ದವು, ಅಲ್ಲಿನ ಮಕ್ಕಳು ಓದುತ್ತಿದ್ದರು.

ವರ್ಷಕ್ಕೊಮ್ಮೆ ಸಾಹೇಬರು ಓದು ಪರೀಕ್ಷಿಸಲು ಬರುತ್ತಿದ್ದರು. ಮಗು ಅಕ್ಷರ ಓದುತ್ತದೆಯೋ, ಪದ ಓದುತ್ತದೆಯೋ, ವಾಕ್ಯವೋ, ಇಡೀ ಕಥೆಯೋ — ಪ್ರತಿ ಹೆಸರಿನ ಮುಂದೆ ನಾವು ಮೊದಲೇ ಬರೆದಿಟ್ಟಿರಬೇಕು, ಅವರು ಒಂದಿಬ್ಬರನ್ನು ಎಬ್ಬಿಸಿ ನೋಡಿ ರುಜು ಹಾಕುತ್ತಿದ್ದರು. ಇದಕ್ಕೆ ನಾನೊಂದು ಉಪಾಯ ಕಂಡುಹಿಡಿದಿದ್ದೆ, ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಪಾಠಪುಸ್ತಕದ ಪ್ರತಿ ಪಾಠಕ್ಕೂ ಒಂದು ಚಿತ್ರವಿರುತ್ತದಲ್ಲ — ಆ ಚಿತ್ರ ಕಂಡ ಕೂಡಲೇ ಪಾಠವನ್ನು ಬಾಯಿಪಾಠ ಒಪ್ಪಿಸುವುದು. ಬಾವಿಯ ಚಿತ್ರ ಬಂದರೆ ಬಾವಿಯ ಪಾಠ, ಆನೆ ಬಂದರೆ ಆನೆಯ ಪಾಠ. ತಲೆತಲಾಂತರದಿಂದ ಹಾಡು, ಹರಿಕಥೆ, ಬುರ್ರಕಥೆಯನ್ನು ಕಿವಿಯಲ್ಲೇ ಹಿಡಿದಿಟ್ಟುಕೊಂಡ ಮನೆಗಳ ಮಕ್ಕಳು. ನೆನಪೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ.

ವರಲಕ್ಷ್ಮಿಯಂತೂ ಎಲ್ಲರನ್ನೂ ಮೀರಿಸಿದವಳು. ಪೂರ್ಣವಿರಾಮ ಬಂದಲ್ಲಿ ನಿಲ್ಲುತ್ತಿದ್ದಳು, ಪ್ರಶ್ನೆ ಬಂದಲ್ಲಿ ದನಿ ಏರಿಸುತ್ತಿದ್ದಳು, ಸಾಲಿನ ಕೆಳಗೆ ಬೆರಳು ಬೇರೆ ಓಡಿಸುತ್ತಿದ್ದಳು. ಅವತ್ತು ಸಾಹೇಬರು ಅವಳನ್ನೇ ಎಬ್ಬಿಸಿದರು. ಅವಳು ಹೇಳುತ್ತಿದ್ದುದು ನಾಲ್ಕನೇ ಸಾಲು, ಬೆರಳು ಇದ್ದದ್ದು ಏಳನೇ ಸಾಲಿನಲ್ಲಿ. ಸಾಹೇಬರು ಕಿಟಕಿಯಾಚೆ ಜೀಪಿನ ಕಡೆ ನೋಡುತ್ತಿದ್ದರು. "ಪರವಾಗಿಲ್ವೇ, ಗಡಿನಾಡಲ್ಲೂ ಕನ್ನಡ ಇಷ್ಟು ಚೆನ್ನಾಗಿ ಓದ್ತಾರಲ್ಲ," ಎಂದು ರುಜು ಹಾಕಿದರು. ಹದಿನೆಂಟು ಹೆಸರುಗಳ ಮುಂದೆ 'ಕಥೆ ಓದಬಲ್ಲರು' ಎಂದು ಬರೆದಿದ್ದೆ. ಹದಿನೆಂಟರಲ್ಲಿ ಓದಬಲ್ಲವರು ಐವರು.

ಜೀಪು ಹೋದ ಮೇಲೆ ನನಗೆ ಹಿಗ್ಗೋ ಹಿಗ್ಗು. ಗಂಡಾಂತರ ಕಳೆದ ಖುಷಿಯಲ್ಲಿ ಕೊನೆಯ ಪಿರಿಯಡ್ಡು ಬಿಟ್ಟುಕೊಟ್ಟು, ಯಾರಾದರೂ ಒಂದು ಕಥೆ ಹೇಳಿ ಎಂದೆ. ವರಲಕ್ಷ್ಮಿ ಎದ್ದಳು. ಲಂಗಕ್ಕೆ ಕೈ ಒರೆಸಿಕೊಂಡು ಶುರು ಮಾಡಿದಳು, "ಆ ಊರ್ಲೋ ಎವರಿಕೀ ಚದಿವೇದಿ ರಾದು, ಮಿಸ್." ಆ ಊರಲ್ಲಿ ಯಾರಿಗೂ ಓದಲು ಬರುವುದಿಲ್ಲ.

"ಕನ್ನಡದಲ್ಲಿ ಹೇಳಮ್ಮ," ಎಂದೆ.

ಹೇಳಿದಳು. ಅದು ಮುಂದೆ ಯಾವತ್ತೋ ಬರುವ ಊರು. ಯಾರಿಗೂ ಓದಲು ಬರುವುದಿಲ್ಲ, ಆದರೆ ಓದು ಬರುತ್ತದೆ ಎಂಬ ಕಾಗದ ಎಲ್ಲರ ಹತ್ತಿರವೂ ಇದೆ. ಹುಟ್ಟಿದ ಕೂಡಲೇ ಸರ್ಕಾರ ಒಂದೊಂದು ಕೊಡುತ್ತದೆ. ಜನ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಅರಿಶಿನ ಕುಂಕುಮ ಇಡುತ್ತಾರೆ. ಮಕ್ಕಳಿಗೆ ಜ್ವರ ಬಂದರೆ ಅದನ್ನು ನೀರಿನಲ್ಲಿ ಅದ್ದಿ ಆ ನೀರು ಕುಡಿಸುತ್ತಾರೆ. ಒಬ್ಬ ಅಜ್ಜಿಗೆ ಮಾತ್ರ ಓದಲು ಬರುತ್ತದೆ. ಅವಳೊಂದು ದಿನ ತನ್ನ ಕಾಗದವನ್ನು ಹತ್ತಿರದಿಂದ ನೋಡುತ್ತಾಳೆ. ಅದು ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬದೊಳಗೆ ಇರುವ ಚೀಟಿ. 'ವಿಷ. ಮಕ್ಕಳಿಂದ ದೂರವಿಡಿ' ಎಂದು ಬರೆದಿದೆ.

ನನಗೆ — ಹೇಗೆ ಹೇಳಲಿ — ಮೈಯೆಲ್ಲ ಜುಮ್ಮೆಂದಿತು. ಬಿ.ಎಡ್. ಮಾಡಿದವಳು, ಕಾದಂಬರಿಗಳನ್ನು ರಾಶಿ ರಾಶಿ ಓದಿದವಳು ನಾನು. ಇಂಥದ್ದು ನನ್ನ ತಲೆಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ.

"ಆಮೇಲೆ?" ಎಂದೆ. ಅಜ್ಜಿ ಅರಳಿಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕಾಗದ ಓದುತ್ತಾಳೆ. ಜನ ನಗುತ್ತಾರೆ. ನಮಗೆಲ್ಲ ಓದಲು ಬರುತ್ತದೆ, ನಮಗೆ ಕಾಣದ್ದು ನಿನಗೆ ಹೇಗೆ ಕಂಡಿತು ಅನ್ನುತ್ತಾರೆ.

"ಆಮೇಲೆ ಊರೋರು ಅಜ್ಜಿ ಕಾಗದಾನ ಕಿತ್ಕೊಂಡ್ಬಿಟ್ರು ಮಿಸ್. ಈಗ ಆ ಊರಲ್ಲಿ ಓದಕ್ ಬರ್ದೇ ಇರೋಳು ಅಂದ್ರೆ ಅಜ್ಜಿ ಒಬ್ಳೇ. ಅಷ್ಟೇ ಮಿಸ್ ಕಥೆ."

ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ಯಾರೂ ಇಲ್ಲ ಮಿಸ್. ಬೆಳಿಗ್ಗೆ ಸಾಹೇಬ್ರ ಮುಂದೆ ಪಾಠ ಒಪ್ಪಿಸ್ತಾ ಇದ್ನಲ್ಲ, ಆಗ ಬಂತು."

ಆ ಮಗು ಬೈದದ್ದಲ್ಲ, ದೂರಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಕಂಡಿದ್ದಳು. ಆ ಕ್ಷಣದಲ್ಲೇ ನಾನು ರಿಜಿಸ್ಟರ್ ತೆಗೆದು ಹದಿಮೂರು ಹೆಸರು ತಿದ್ದಿ, ಮರುದಿನದಿಂದ ಅ ಆ ಇ ಈ ಶುರು ಮಾಡಬಹುದಿತ್ತು. ಮಾರ್ಚಿಗೆ ಇನ್ನೂ ನಾಲ್ಕು ತಿಂಗಳಿತ್ತು. ನಾನೇನು ಮಾಡಿದೆ? ಮನೆಗೆ ಹೋಗಿ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಕಥೆ ಬರೆಯಲು ಕೂತೆ.

ಆ ವರ್ಷ ಶಿಕ್ಷಕರಿಗಾಗಿ ಒಂದು ಕಥಾಸ್ಪರ್ಧೆ ಇತ್ತು. ಅವಳ ಕೊನೆ ನನಗೆ ಹೆದರಿಕೆ ಹುಟ್ಟಿಸಿತು — ಅಷ್ಟು ಕಹಿಯಾದರೆ ಬಹುಮಾನ ಬರುತ್ತದೆಯೇ? ಅದಕ್ಕೆ ಕೊನೆ ಬದಲಾಯಿಸಿದೆ. ಊರಿಗೆ ಒಂದು ಬಸ್ಸು ಬರುತ್ತದೆ, ಹತ್ತಿ ಸೀರೆಯುಟ್ಟ ಒಬ್ಬ ಮಿಸ್ ಇಳಿಯುತ್ತಾಳೆ, ಊರಿಗೆಲ್ಲ ಓದು ಕಲಿಸುತ್ತಾಳೆ. ನಗಬೇಡಿ. ಅಥವಾ ನಗಿ, ನಾನೂ ಈಗ ನಗುತ್ತಿದ್ದೇನೆ. ಮೊದಲ ಬಹುಮಾನ ಬಂತು. ತೀರ್ಪುಗಾರರು ಇಂಥ ಕೇಡುಗಾಲದ ಕಥೆಗಳಿಗೆ ಡಿಸ್ಟೋಪಿಯಾ ಅನ್ನುತ್ತಾರೆ ಎಂದಾಗ, ಹುಟ್ಟಿದಾಗಿನಿಂದ ಗೊತ್ತಿದ್ದವಳಂತೆ ತಲೆಯಾಡಿಸಿದೆ. ಕಥೆ ಒಂದು ಪುಸ್ತಕದಲ್ಲಿ ಸೇರಿ ಶಾಲೆಗಳ ಕಪಾಟುಗಳಿಗೆ ಹೋಯಿತು. ಆಮೇಲಿನ ವರ್ಷಗಳಲ್ಲಿ ತರಬೇತಿಗಳಲ್ಲಿ ಓದಿನ ಮಟ್ಟ ಕುಸಿಯುತ್ತಿದೆ ಎಂದು ಭಾಷಣ ಮಾಡಿದ್ದೇ ಮಾಡಿದ್ದು. ಮೊಬೈಲನ್ನು ಬೈದೆ, ಟೀವಿಯನ್ನು ಬೈದೆ, ತಂದೆತಾಯಂದಿರನ್ನು ಬೈದೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಅದು ನಾನೇ.

ಈಗ ಬಡ್ತಿ ಸಿಕ್ಕಿ ಗೌರಿಬಿದನೂರು ಕಡೆಯ ಶಾಲೆಗಳಲ್ಲಿ ಓದು ಪರೀಕ್ಷಿಸುವುದು ನನ್ನದೇ ಕೆಲಸ. ಹೋದ ತಿಂಗಳು ಒಂದು ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಸಾರು ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದವಳು ಹಾಗೆಯೇ ನಿಂತಳು. "ಮಿಸ್, ನಾನು ವರಲಕ್ಷ್ಮಿ."

ಅಲ್ಲಿ ಅವಳು ಅಡುಗೆಯವಳು. ಮಗಳು ಅದೇ ಶಾಲೆಯಲ್ಲಿ ಒಂದನೇ ತರಗತಿ. ಪಾತ್ರೆ ತೊಳೆದಾದ ಮೇಲೆ ಮಗಳ ಹಿಂದೆ ಗೋಡೆಗೊರಗಿ ಕೂತು, ಆ ಮಕ್ಕಳ ಜೊತೆಗೇ ಅಕ್ಷರ ಕಲಿತಳಂತೆ. "ಈಗ ಓದ್ತೀನಿ ಮಿಸ್. ಕೇಳ್ತೀರಾ?"

ನನಗಾದ ಸಂತೋಷ ಸುಳ್ಳಲ್ಲ. ಕಣ್ಣು ತುಂಬಿ ಬಂತು, ಅವಳ ಎರಡೂ ಕೈ ಹಿಡಿದುಕೊಂಡೆ, ಓದಮ್ಮ ಓದು ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಕಪಾಟಿನಿಂದ ಒಂದು ಪುಸ್ತಕ ತಂದಳು. ರಟ್ಟು ಕಂಡಾಗಲೇ ಗುರುತು ಹತ್ತಿತು, ಬಹುಮಾನದ ಕಥೆ ಅಚ್ಚಾದ ಅದೇ ಪುಸ್ತಕ. ಓದಿದಳು — ನಿಧಾನಕ್ಕೆ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾ, ಮತ್ತೆ ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುತ್ತಾ. ನಿಜವಾಗಿ ಓದುವವರು ಹಾಗೆಯೇ ಓದುವುದು. ಕೊನೆಯ ಸಾಲಿನವರೆಗೂ ಓದಿ, ಕೆಳಗಿದ್ದ ನನ್ನ ಹೆಸರನ್ನೂ ಓದಿ, ಪುಸ್ತಕ ಮುಚ್ಚಿದಳು.

"ಅಜ್ಜಿ ಕಾಗದ ಕಿತ್ಕೊಂಡಿದ್ದು ಯಾಕ್ ಬಿಟ್ಬಿಟ್ರಿ ಮಿಸ್? ಆ ಊರಿಗೆ ಯಾವ ಮಿಸ್ಸೂ ಬರಲಿಲ್ಲ."

ಆಮೇಲಿನದನ್ನೂ ಅವಳೇ ಹೇಳಿದಳು, ದನಿ ಏರಿಸದೆ, ಇನ್ಯಾರದೋ ವಿಷಯ ಹೇಳುವಂತೆ. ಹೈಸ್ಕೂಲಿಗೆ ಹೋದಾಗ ಅಲ್ಲಿನ ಮೇಷ್ಟರ ಹತ್ತಿರ ತಾನಾಗಿಯೇ ಹೋಗಿ ತನಗೆ ಓದಲು ಬರುವುದಿಲ್ಲ, ಕಲಿಸಿ ಎಂದು ಕೇಳಿದಳಂತೆ. ಓದು ಬಾರದ ಮಕ್ಕಳಿಗೆ ಅಲ್ಲಿ ಸಂಜೆ ಬೇರೆ ತರಗತಿ ಇತ್ತಂತೆ. ಅವರು ನಮ್ಮ ಶಾಲೆಯಿಂದ ಬಂದ ದಾಖಲೆ ತೆಗೆದು ನೋಡಿದರು. "ಕಥೆ ಓದ್ತಾಳೆ ಅಂತ ಬರೆದವ್ರೆ, ನಾಟಕ ಆಡ್ತೀಯಾ ಅಂದ್ರು. ಸೇರಿಸ್ಕೊಳ್ಳಲಿಲ್ಲ. ಒಂಬತ್ತಕ್ಕೆ ಬಿಟ್ಬಿಟ್ಟೆ."

ಕಥೆ ಕದ್ದದ್ದೇ ನನ್ನ ದೊಡ್ಡ ಪಾಪ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಅದಕ್ಕೇ ನಾಚಿಕೊಂಡಿದ್ದೆ. ನನ್ನ ಒಂದು ಸಾಲಿನ ಷರಾ ಆ ಹುಡುಗಿಯ ಮುಂದೆ ಬಾಗಿಲು ಹಾಕಿಬಿಟ್ಟಿತ್ತು. ಅವಳು ಬಾಯಿಬಿಟ್ಟು ಸತ್ಯ ಹೇಳಿದರೂ ನಂಬುವವರಿಲ್ಲದ ಹಾಗೆ ಮಾಡಿದ್ದೆ.

ಕಥೆಗೆ ನಿನ್ನ ಹೆಸರು ಹಾಕಿಸುತ್ತೇನೆ, ಬಹುಮಾನ ವಾಪಸ್ಸು ಕೊಡುತ್ತೇನೆ, ಇಲಾಖೆಗೆ ಬರೆಯುತ್ತೇನೆ ಎಂದು ಏನೇನೋ ಬಡಬಡಿಸಿದೆ. ಎಲ್ಲ ಕೇಳಿಸಿಕೊಂಡಳು. ಸಾರಿನ ಪಾತ್ರೆ ಎತ್ತಿಕೊಳ್ಳುತ್ತಾ ಹೇಳಿದಳು, "ನಾನೇನೋ ಮಗಳ ದೆಸೆಯಿಂದ ಕಲ್ತೆ ಮಿಸ್. ಮಿಕ್ಕಿದೋರು? ಸುಬ್ಬರತ್ನ, ನಂಜುಂಡ, ಅವ್ರೆಲ್ಲ?"

ಇಲಾಖೆಗೆ ಬರೆದಾಗಿದೆ. ಏನು ಶಿಕ್ಷೆ ಬರುತ್ತದೋ ಬರಲಿ. ಕಥೆಯನ್ನು ಅವಳ ಕೊನೆಯೊಂದಿಗೆ, ಅವಳ ಹೆಸರಿನಲ್ಲಿ ಅಚ್ಚು ಹಾಕಲು ಪುಸ್ತಕದವರನ್ನು ಕೇಳಿದ್ದೇನೆ. ಅವಳಿಂದ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ, ಅದು ನನಗೆ ಅಗ್ಗವಾಗುತ್ತದೆ.

ಈ ನಿವೇದನೆಯನ್ನು ಪತ್ರಿಕೆಗೆ ಕಳಿಸಿಬಿಟ್ಟರೆ ಭಾರ ಇಳಿಯುತ್ತದೆ ಎಂದುಕೊಂಡು ಬರೆಯಲು ಕೂತವಳು ನಾನು. ಬರೆಯುತ್ತಾ ಬರೆಯುತ್ತಾ ಈಗ ಹೊಳೆಯಿತು. ಇದನ್ನು ನೀವು ಓದುತ್ತೀರಿ — ಇಲಾಖೆಯವರು ಓದುತ್ತಾರೆ, ನನ್ನಂಥ ಮೇಷ್ಟರುಗಳು, ಮಿಸ್ಸುಗಳು ಓದುತ್ತಾರೆ. ಯಾರಿಗೆ ಅನ್ಯಾಯ ಮಾಡಿದೆನೋ ಅವರಲ್ಲಿ ವರಲಕ್ಷ್ಮಿಯನ್ನು ಬಿಟ್ಟು ಉಳಿದ ಹನ್ನೆರಡು ಜನಕ್ಕೆ ಇದರ ಒಂದು ಸಾಲೂ ಓದಲು ಬರುವುದಿಲ್ಲ. ಹನ್ನೆರಡು ಹೆಸರೂ ನನಗೆ ನೆನಪಿವೆ. ಭಾನುವಾರ ಮಂಡಿಕಲ್ ಬಸ್ಸು ಹತ್ತುತ್ತೇನೆ. ಒಬ್ಬೊಬ್ಬರ ಮನೆಗೂ ಹೋಗಿ ಬಾಯಲ್ಲೇ ಹೇಳಬೇಕು. ಮೊದಲು ಸುಬ್ಬರತ್ನಳ ಮನೆ.